ಗಿಟ್ ಒಪ್ಪಿಗೆ

ಫೋನು ಮತ್ತೆ ಗುಂಯ್ ಎಂದಾಗ ಹೆಂಡತಿ ಅದನ್ನು ದಿಂಬಿನಡಿ ತುರುಕಿದಳು. ಎದುರಿಗೆ ಗಂಡನ ಹೆಣ.

“ಆಫ್ ಮಾಡ್ಬೇಡಿ ಅಕ್ಕಾ,” ಎಂದ ಕಚೇರಿಯ ಮ್ಯಾನೇಜರ್. ತಂದ ಹೂವು ಇನ್ನೂ ಕೈಯಲ್ಲೇ ಇತ್ತು. “ಅದ್ರಲ್ಲಿ ‘ಹೌದು’ ಒತ್ತದಿದ್ರೆ ನಲವತ್ತು ಜನದ ಕೆಲಸ ನಿಂತ್ಹೋಗುತ್ತೆ.”

“ಅವನೇ ನಿಂತ್ಹೋದ್ನಲ್ಲಪ್ಪಾ,” ಎಂದಳು ಸತ್ತವನ ಅಕ್ಕ. “ಹೆಣಕ್ಕೂ ಡ್ಯೂಟಿ ಹಾಕ್ತೀರೇನು?”

* * *

ಹನ್ನೊಂದು ವರ್ಷದ ಹಿಂದೆ ಕಚೇರಿಯಲ್ಲಿ ಯಾರದೋ ಅವಸರಕ್ಕೆ ಎಲ್ಲರೂ ಎರಡು ದಿನ ಬರೆದ ಕಂಪ್ಯೂಟರ್ ಕೋಡು ಅಳಿಸಿಹೋಗಿತ್ತು. ಕೋಡಿನ ಪ್ರತಿ ಬದಲಾವಣೆಯನ್ನೂ ಕಾದಿಡುವ ಗಿಟ್ ಎಂಬ ತಂತ್ರಾಂಶಕ್ಕೆ ಹೊಸ ಆಜ್ಞೆ ಕಲಿಸುವುದು ಕಷ್ಟವಲ್ಲ. ನಾಲ್ಕು ಸಾಲು ಸೂಚನೆಗಳ ಪುಟ್ಟ ಸ್ಕ್ರಿಪ್ಟ್ ಬರೆದು, ಗಿಟ್ ಎಂದು ಶುರುವಾಗುವ ಹೆಸರಿಟ್ಟು, ಸರಿಯಾದ ಜಾಗದಲ್ಲಿಟ್ಟರೆ ಗಿಟ್ ಅದನ್ನು ತನ್ನ ಹೊಟ್ಟೆಯ ಮಗುವಿನಂತೆ ಕರೆದುಕೊಳ್ಳುತ್ತದೆ. ಈಗ ಸತ್ತವನೇ ಆಗ ‘ಗಿಟ್ ಒಪ್ಪಿಗೆ’ ಎಂಬ ಸ್ಕ್ರಿಪ್ಟ್ ಬರೆದ. ಯಾರು ಕೋಡು ಸೇರಿಸಹೊರಟರೂ ಅವನ ಫೋನಿಗೆ ಪ್ರಶ್ನೆ ಬರುತ್ತಿತ್ತು. ಅವನು ‘ಹೌದು’ ಎಂದರಷ್ಟೇ ಕೆಲಸ ಮುಂದೆ.

ಮಗಳು ಹುಟ್ಟುವಾಗ ಹೆರಿಗೆ ಕೋಣೆಯ ಹೊರಗೆ ನಿಂತು ‘ಹೌದು’ ಒತ್ತಿದ. ಸಿನಿಮಾಕ್ಕೆ ಹೋದರೆ ಬಾಗಿಲ ಪಕ್ಕದ ಕುರ್ಚಿಯೇ ಬೇಕು.

“ಬೇರೆಯವ್ರ ನಂಬರ್ ಹಾಕ್ಬಾರ್ದಾ?” ಎಂದು ಹೆಂಡತಿ ಕೇಳಿದ್ದಳು.

“ಪಾಪ, ಯಾರ ಕೊರಳಿಗೆ ಕಟ್ಲೇ?”

* * *

ಸತ್ತವನ ಕೈಕೆಳಗೆ ಕೆಲಸ ಕಲಿತ ಹುಡುಗಿ ಮನೆಯ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದಳು. ಮ್ಯಾನೇಜರ್ ಬಗ್ಗಿ ಪಿಸುಗುಟ್ಟಿದ. “ಸ್ಕ್ರಿಪ್ಟ್ ಬಲ್ಲೋಳು ನೀನೊಬ್ಳೇ ಕಣಮ್ಮ. ಅವನ ನಂಬರ್ ತೆಗೆದು ನಿಂದು ಹಾಕು. ಸದ್ಯಕ್ಕೆ.”

“ಫೋನಿಗೆ ಪ್ರಶ್ನೆ ಕಳ್ಸೋ ಸಾಲನ್ನೇ ತೆಗೆದ್ಬಿಡ್ಲಾ ಸಾರ್?”

“ತೆಗಿ. ಮತ್ತೆ ಎಲ್ಲ ಅಳಿಸಿಹೋದ್ರೆ ಹೊಣೆ ನೀನೇ ತಾನೆ?”

ಅವಳು ಚೀಲದಿಂದ ಲ್ಯಾಪ್‌ಟಾಪು ತೆಗೆದಳು.

“ಬೇಡ ಕಣೇ ತಂಗಿ,” ಎಂದಳು ಹೆಂಡತಿ, ಹೆಣದ ಹಿಂದೆ ಮೆಟ್ಟಿಲಿಳಿಯುತ್ತ. “ಇವ್ರೂ ಸದ್ಯಕ್ಕೆ ಅಂತ್ಲೇ ಹಾಕ್ಕೊಂಡಿದ್ದು.”

ಹುಡುಗಿ ತಲೆಯಾಡಿಸಿದಳು. ಲ್ಯಾಪ್‌ಟಾಪು ಆಗಲೇ ತೊಡೆಯ ಮೇಲಿತ್ತು. ತನ್ನ ನಂಬರಿನ ಹತ್ತು ಅಂಕಿ ಒತ್ತಲು ಎಷ್ಟು ಹೊತ್ತು? ಒಳಗೆ ದಿಂಬಿನಡಿಯ ಫೋನು ಸುಮ್ಮನಾಯಿತು.

ಶವದ ಗಾಡಿ ಹೊರಡಲು ಅಣಿಯಾಗಿತ್ತು. “ಬಾರೇ, ಜಾಗ ಇದೆ!” ಎಂದು ಸತ್ತವನ ಅಕ್ಕ ಗಾಡಿಯ ಕಿಟಕಿಯಿಂದ ಹುಡುಗಿಯನ್ನು ಕೂಗಿದಳು.

“ಬಂದೆ, ಒಂದೇ ನಿಮಿಷ!”

ಕೋಡು ಸೇರಿಸಲು ಬೆಳಗಿನಿಂದ ಕಾದಿದ್ದವರೆಲ್ಲ ಅವಳ ಫೋನಿಗೆ ಒಟ್ಟಿಗೆ ಮುಗಿಬಿದ್ದಿದ್ದರು. ಒಂದಕ್ಕೆ ‘ಹೌದು’ ಒತ್ತಿದರೆ ಇನ್ನೊಂದು. ಅವಳು ತಲೆಯೆತ್ತುವಷ್ಟರಲ್ಲಿ ಗಾಡಿ ತಿರುವು ದಾಟಿತ್ತು. ಕೈಯಲ್ಲಿ ಮುಂದಿನ ಪ್ರಶ್ನೆ ಗುಂಯ್ ಎನ್ನುತ್ತಿತ್ತು.