ಗಂಟಲಲ್ಲೇ ನಿಂತ ನಳಿಕೆ

ನಾನು ಒಂದು ತೆಳ್ಳನೆಯ ಪ್ಲಾಸ್ಟಿಕ್ ನಳಿಕೆ. ಬಾಯಿಂದ ಕುಡಿಯಲಾಗದ ಎಳೆಗೂಸುಗಳ ಹೊಟ್ಟೆಗೆ ಹಾಲು ಇಳಿಸಲು ನಮ್ಮನ್ನು ಬಳಸುತ್ತಾರೆ. ಕಾರ್ಖಾನೆಯ ಬಿಸಿ ಯಂತ್ರದಿಂದ ಹೊರಬಂದ ಮೇಲೆ ಮೈಮೇಲೆ ಅಳತೆಯ ಗೆರೆ ಹಾಕಿ, ಲಕೋಟೆಯಲ್ಲಿ ಮಲಗಿಸಿ ಅಂಟಿಸಿಬಿಟ್ಟರು. ಒಮ್ಮೆ ಬಳಸಿ ಎಸೆಯಿರಿ ಎಂದು ಅದರ ಮೇಲೇ ಅಚ್ಚು ಹಾಕಿದ್ದರು. ಹುಟ್ಟಿದ ದಿನವೇ ಸಾವಿನ ಸುದ್ದಿ ಕೇಳಿಸಿಕೊಂಡವರು ಬೇರೆ ಯಾರಿದ್ದಾರೆ ಹೇಳಿ.

ಗದಗ ಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಯ ಕಪಾಟು ಸೇರಿದೆ. ಒಂದು ಬೆಳಿಗ್ಗೆ ನೀಲಮ್ಮ ಎಂಬವಳಿಗೆ ಹೆರಿಗೆಯಾಯಿತು. ಅವಳ ಹೊಟ್ಟೆಯ ಗಾತ್ರ ನೋಡಿ ತಾಯಿ ಫಕೀರವ್ವ ಅವಳಿ ಮಕ್ಕಳೇ ಎಂದು ಓಣಿಗೆಲ್ಲ ಸಾರಿ, ಕೂಸಿನ ತಲೆಗೆ ಹೊದಿಸುವ ಕುಂಚಿಗೆ ಎರಡು ಹೊಲಿಸಿದ್ದಳು. ಸ್ಕ್ಯಾನ್ ಮಾಡಿದರೆ ಕೂಸು ಒಂದೇ, ಉಳಿದದ್ದೆಲ್ಲ ನೀರು. ಹುಟ್ಟಿದ ಹೆಣ್ಣುಕೂಸು ಜೋರಾಗಿಯೇ ಅತ್ತಿತು. ಆದರೆ ಬಾಯಲ್ಲಿ ನೊರೆ ಕಟ್ಟತೊಡಗಿತು. ಒರೆಸಿದರೆ ಮತ್ತೆ ನೊರೆ.

“ಹಸದೈತ್ರೀ ಕೂಸು,” ಎಂದು ಫಕೀರವ್ವ ಜೇನಿನ ಬಾಟಲಿ ತೆಗೆದು ಬೆರಳು ಅದ್ದಿದಳು.

ನರ್ಸ್ ಶಾಹೀನ್ ಅಡ್ಡ ಬಂದಳು. “ತಡೀರಿ ಆಯಿ. ಹೊಟ್ಯಾಗಿನ ನೀರನ್ನ ಕೂಸು ನುಂಗತಿರತೈತಿ. ಇದಕ್ಕ ನುಂಗಾಕ ಆಗದ್ದಕ್ಕ ನೀರ ಜಾಸ್ತಿ ಆತೇನೋ ಅಂತ ಡಾಕ್ಟರಿಗೆ ಸಂಶಯ ಐತಿ. ನಳಗಿ ಹಾಕಿ ನೋಡೂತನಾ ಏನೂ ಕೊಡಬ್ಯಾಡ್ರಿ.”

“ಒಂದ ಹನಿಗೆ ಏನಾಕ್ಕತಿ? ಇದರ ಅವ್ವಗೂ ನಾನ ನೆಕ್ಕಿಸೀನಿ.”

“ದಾರಿ ಇಲ್ಲಂದ್ರ ಆ ಹನಿ ಉಸಿರಿನ ಕೊಳವ್ಯಾಗ ಹೋಗತೈತಿ. ಕೂಸು ಉಳಿಯಂಗಿಲ್ಲ.”

ಮುದುಕಿ ಬೆರಳು ಹಿಂದಕ್ಕೆ ತೆಗೆಯಲಿಲ್ಲ. ಜೇನು ಬೆರಳ ತುದಿಗೆ ಬಂದು ನಿಂತಿತ್ತು, ಕೆಳಗೆ ಕೂಸಿನ ತೆರೆದ ಬಾಯಿ. ಶಾಹೀನ್ ನನ್ನ ಲಕೋಟೆ ಹರಿದಳು.

ಬಾಯೊಳಗೆ ಇಳಿದೆ. ಇನ್ನು ಸ್ವಲ್ಪ ಹೋದರೆ ಹೊಟ್ಟೆ ಎಂದುಕೊಳ್ಳುವಷ್ಟರಲ್ಲಿ ನನ್ನ ತುದಿ ಗೋಡೆಯಂಥದ್ದಕ್ಕೆ ಬಡಿಯಿತು. ಶಾಹೀನ್ ಎಳೆದು ಮತ್ತೆ ಮೆಲ್ಲಗೆ ಇಳಿಸಿದಳು. ಮತ್ತೆ ಗೋಡೆ. ಕೊನೆಗೆ ಸುರುಳಿ ಸುತ್ತಿಕೊಂಡು ಬಾಯಿಗೇ ವಾಪಸು ಬಂದೆ. ನನಗೆ ನಾಚಿಕೆಯಾಯಿತು.

“ದಾರಿ ಬಂದ್ ಐತಿ,” ಎಂದು ಶಾಹೀನ್ ಡಾಕ್ಟರನ್ನು ಕೂಗಿದಳು. ಫಕೀರವ್ವ ಬೆರಳನ್ನು ಸೀರೆಗೆ ಒರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ಇದ್ದಳು.

ನೀಲಮ್ಮನನ್ನು ಹಾಸಿಗೆಯಲ್ಲೇ ಬಿಟ್ಟು ಕೂಸನ್ನು ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಒಯ್ದರು. ಶಾಹೀನ್, ಫಕೀರವ್ವ ಇಬ್ಬರೂ ಜೊತೆಗೆ ಹತ್ತಿದರು. ಗಂಟಲಲ್ಲಿ ತುಂಬುವ ಜೊಲ್ಲನ್ನು ಹೀರಿ ತೆಗೆಯಲು ನನ್ನನ್ನು ಅಲ್ಲೇ ಇರಿಸಿದ್ದರು. ದಾರಿಯಲ್ಲಿ ಕೂಸು ನೀಲಿಗಟ್ಟಿತು. ಶಾಹೀನ್ ಸಿರಿಂಜಿನಿಂದ ಎಳೆದೇ ಎಳೆದಳು. ನನ್ನೊಳಗೆ ಜೊಲ್ಲು ಕಟ್ಟಿಕೊಂಡರೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಬಣ್ಣ ಮರಳುವವರೆಗೆ ಅವಳು ಸಿರಿಂಜು ಕೆಳಗಿಡಲಿಲ್ಲ.

ಆಪರೇಷನ್ ಕೋಣೆಯಲ್ಲಿ ನನ್ನನ್ನು ತೆಗೆದು ಕಸದ ಕೆಂಪು ಚೀಲಕ್ಕೆ ಹಾಕಿದರು. ಹುಟ್ಟಿನಿಂದಲೇ ನಡುವೆ ತುಂಡಾಗಿದ್ದ ಅನ್ನನಾಳದ ಎರಡು ತುದಿಗಳನ್ನು ಹೊಲಿದು ಕೂಡಿಸಿದರು. ಹೊಸ ನಳಿಕೆಯೊಂದು ನಾನು ನಿಂತಲ್ಲಿ ನಿಲ್ಲದೆ ಹೊಟ್ಟೆ ಸೇರಿತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಹಾಲಿನ ಒಂದು ಹನಿಯನ್ನೂ ಕಾಣದ ಬದುಕು ನನ್ನದು. ಆದರೆ ಮುಂದೆ ದಾರಿಯಿಲ್ಲ ಎಂಬ ನಿಜವನ್ನು ಸಮಯಕ್ಕೆ ಸರಿಯಾಗಿ ಹೇಳಿದೆ, ಆ ಸಮಾಧಾನವಿದೆ.

ಚೀಲವನ್ನು ಬಾಗಿಲಾಚೆ ತಂದಿಟ್ಟಾಗ ಫಕೀರವ್ವ ಅಲ್ಲೇ ನೆಲದ ಮೇಲೆ ಕುಳಿತಿದ್ದಳು. ಸರ್ಜನ್ ಹೊರಬಂದರು.

“ಮುಟ್ಟೇತೇನ್ರಿ ನಳಗಿ, ಹೊಟ್ಟಿಗೆ?”

“ಮುಟ್ಟೇತಿ, ಆಯಿ. ಇನ್ನ ಕೆಲವು ದಿನ ನೋಡಬೇಕು. ಹೊಲಿಗಿ ಕೂಡಿದ್ರ ಅವ್ವನ ಹಾಲ ನಳಗ್ಯಾಗ ಶುರು ಮಾಡೂಣು.”

ಫಕೀರವ್ವ ಊರಿನ ಆಸ್ಪತ್ರೆಗೆ ಫೋನು ಹಚ್ಚಿದಳು. ಅತ್ತ ಕಡೆ ಮಗಳು ಅಳುತ್ತಿದ್ದುದು ನನಗೂ ಕೇಳಿಸಿತು.

“ನೀಲಾ,” ಎಂದಳು, “ಎದಿ ಬಿಗದ್ರ ಹಾಲ ಹಿಂಡಿ ಚೆಲ್ಲಬ್ಯಾಡವ್ವ. ತಗದಿಡು. ಬೇಕಾಕ್ಕತಿ.”