ಮೋರಿ ಓಣಿಗೂ ಒಂದು ಗೆರೆ

ದೊಡ್ಡ ಬೀದಿಯ ಹಿಂದೆ, ಮೋರಿಯಾಚೆಗೆ ಒಂದು ಓಣಿ. ಅಲ್ಲಿ ಒಂದು ಮನೆಗೂ ನಲ್ಲಿಯಿಲ್ಲ. ಬಟ್ಟೆಗೆ ಇಸ್ತ್ರಿ ಹಾಕುವ ಇಸ್ತ್ರಿಯಮ್ಮನ ಸೊಸೆ ತುಂಬು ಬಸುರಿ. ಅವಳೂ ಮೋರಿಯ ಹಲಗೆ ದಾಟಿ ದೊಡ್ಡ ಬೀದಿಯಿಂದಲೇ ನೀರು ಹೊತ್ತು ತರಬೇಕು. ಆವತ್ತು ಹಲಗೆಯ ಮೇಲೆ ಕಾಲು ಜಾರಿತು. ಕೊಡ ಮೋರಿಗೆ ಬಿತ್ತು, ಅವಳು ಹೇಗೋ ಉಳಿದಳು. ಅತ್ತೆಗೆ ಜೀವ ಬಾಯಿಗೆ ಬಂದಿತ್ತು.

ಸೊಸೆಯನ್ನು ನೋಡಲು ಬಂದ ಆರೋಗ್ಯ ಕಾರ್ಯಕರ್ತೆಯ ಮುಂದೆ ಇಸ್ತ್ರಿಯಮ್ಮ ಸಿಡುಕಿದಳು. "ನಲ್ಲಿ ಹಾಕಿಸಿ ಅಂತ ಕಚೇರೀಲಿ ಕೇಳೀ ಕೇಳೀ ಸಾಕಾಯ್ತು. 'ನಿಮ್ಮ ಬೀದೀಲಿ ಹೆಚ್ಚುಕಮ್ಮಿ ಎಲ್ಲಾ ಮನೆಗೂ ನಲ್ಲಿ ಇದೆಯಲ್ಲಮ್ಮ' ಅಂತಾರೆ. ಕಣ್ಣು ಕಾಣಲ್ವಾ ಅವರಿಗೆ?"

"ಅಮ್ಮಾ, ಗಣತಿಯವರು ಬಂದಾಗ ವಿಳಾಸ ಏನು ಹೇಳಿದ್ರಿ?"

"ದೊಡ್ಡ ಬೀದಿ ಅಂತ. ಮೋರಿ ಓಣಿ ಅಂದ್ರೆ ನಮ್ಮ ಹುಡುಗೀರಿಗೆ ಗಂಡು ಸಿಗುತ್ತಾ? ಓಣಿಯೋರೆಲ್ಲ ಹಾಗೇ ಹೇಳೋದು."

ಎಡವಿದ್ದು ಅಲ್ಲೇ. ಲೆಕ್ಕದಲ್ಲಿ ಓಣಿಯೇ ದೊಡ್ಡ ಬೀದಿಯೊಳಗೆ ಕರಗಿಹೋಗಿತ್ತು.

"ಈಗ ಮುಂದಿನ ಗಣತಿಗೆ ಅಂತ ಹೊಸ ನಕ್ಷೆ ಮಾಡ್ತಿದ್ದಾರೆ. ಓಣಿ ಸುತ್ತ ಬೇರೆ ಗೆರೆ ಹಾಕಿಸೋಣ."

"ಅಯ್ಯೋ, ಬೇಡಮ್ಮ! ನಮ್ಮನೆ ಬಡತನಾನ ಊರಿಗೆಲ್ಲ ಡಂಗುರ ಹೊಡೆಯೋದಾ?"

ಕಾರ್ಯಕರ್ತೆ ಇಸ್ತ್ರಿ ಮೇಜಿನ ಕಡೆ ಕೈತೋರಿಸಿ ನಕ್ಕಳು. "ಒಂದೊಂದು ಮನೆ ಬಟ್ಟೆ ಬೇರೆ ಬೇರೆ ಗಂಟು ಕಟ್ಟಿದ್ದೀರಲ್ಲ, ಯಾಕೆ?"

"ಕಲೆಸಿಬಿಟ್ರೆ ಯಾರದ್ದು ಹರಿದಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಇದೂ ಹಾಗೇ. ದೊಡ್ಡ ಬೀದಿ ಜೊತೆ ಕಲೆಸಿದ್ರೆ ಓಣಿ ತೊಂದರೆ ಕಾಣಲ್ಲ. ವರದೀಲಿ ಯಾರ ಹೆಸರೂ ಬರಲ್ಲಮ್ಮ. ಈ ಗೆರೆಯೊಳಗೆ ಇಷ್ಟು ಮನೆ, ಇಷ್ಟು ಮನೆಗೆ ನಲ್ಲಿ ಇಲ್ಲ, ಅಷ್ಟೇ ಬರೋದು."

ಇಸ್ತ್ರಿಯಮ್ಮ ಸೊಸೆಯ ಊದಿದ ಕಾಲು ನೋಡಿದಳು. ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು. "ಗಂಡು ಇಲ್ಲಿ ಸಿಗದಿದ್ರೆ ಇನ್ನೊಂದು ಕಡೆ ಹುಡುಕಬಹುದು. ಇವಳಿಗೆ ಏನಾದ್ರೂ ಆದ್ರೆ ಎಲ್ಲಿ ಹುಡುಕಲಿ?"

"ನಲ್ಲಿ ಬರೋವರೆಗೂ ನೀರು?" ಎಂದಳು ಸೊಸೆ.

"ನನ್ನ ಮಗನಿಗೆ ಎರಡು ಕೈ ಇಲ್ವಾ?"

ನಕ್ಷೆಯವರು ಬಂದ ದಿನ ಓಣಿಗೆ ಓಣಿಯೇ ಹೊರಗೆ ನಿಂತಿತ್ತು. ಇಸ್ತ್ರಿಯಮ್ಮ ಮುಂದೆ ನಡೆದು, ಓಣಿ ಎಲ್ಲಿಂದ ಎಲ್ಲಿಯವರೆಗೆ ಎಂದು ಕೈಮಾಡಿ ತೋರಿಸಿದಳು. ಮುಂದಿನ ವರದಿಯಲ್ಲಿ ಓಣಿ ಬೇರೆಯಾಗಿ ಕಂಡಿತು. ಮೊಮ್ಮಗಳು ಗೋಡೆ ಹಿಡಿದು ನಡೆಯುವ ಹೊತ್ತಿಗೆ ನಲ್ಲಿಯೂ ಬಂತು. ಈಗ ಯಾರಾದರೂ ಮನೆ ಎಲ್ಲಿ ಎಂದರೆ, "ಮೋರಿ ಓಣಿ" ಎನ್ನುತ್ತಾಳೆ ಇಸ್ತ್ರಿಯಮ್ಮ, ದನಿ ತಗ್ಗಿಸದೆ.

ಗಣತಿಯವರು ಬಂದಾಗ ನೀವೂ ಇರುವ ಜಾಗವನ್ನೇ ಹೇಳಿ. ನಿಮ್ಮ ಓಣಿ ಯಾವ ಗೆರೆಯೊಳಗಿದೆ ಎಂದು ಕೇಳಿ, ಬಿಟ್ಟುಹೋಗಿದ್ದರೆ ಕರೆದೊಯ್ದು ತೋರಿಸಿ. ಮಗು ಅಳದಿದ್ದರೆ ತಾಯಿಯೂ ಹಾಲು ಕೊಡಳು ಅಂತಾರಲ್ಲ, ಅಳು ಯಾವ ಮನೆಯಿಂದ ಬಂತು ಅಂತಲೂ ತಿಳಿಯಬೇಕು.