ಹಲ್ಲಿ ನುಡಿದ ಸಂಬಂಧ

ಎತ್ತು ನೋಡಲೆಂದು ಸಂಪಗಾಂವಿಗೆ ಹೋದ ಬೈಲಹೊಂಗಲದ ನಿಜಗುಣಪ್ಪ, ಬಾವಿಯ ದಂಡೆಯಲ್ಲಿ ನೀರೆತ್ತುವ ಎತ್ತುಗಳನ್ನು ಬಾಯಿತುಂಬ ಬೈಯುತ್ತಿದ್ದ ತಂಗೆವ್ವನನ್ನು ನೋಡಿ ಬಂದ. ಅಂದಿನಿಂದ ಅವನಿಗೆ ಬೇರೆ ಹೆಣ್ಣಿನ ಮಾತೇ ಹಿಡಿಸಲಿಲ್ಲ. ಪ್ಲೇಗು ಇಳಿದು ಜನ ಹೊಲದ ಗುಡಿಸಲು ಬಿಟ್ಟು ಊರೊಳಗೆ ಬಂದ ಮೇಲೆ, ಅವಳ ತಂದೆ ಬಸಲಿಂಗಪ್ಪನವರು ಸಂಬಂಧಕ್ಕೆಂದು ಇವನ ಮನೆ ನೋಡಲು ಬಂದರು.

ಕಂಬ ಬಡಿದು ನೋಡಿದರು, ಎಮ್ಮೆಯ ಬೆನ್ನು ಸವರಿದರು, ಜೋಳದ ಚೀಲಗಳಿಗೆ ಕೈ ಹಾಕಿದರು. ಎಲ್ಲಾ ಮನಸ್ಸಿಗೆ ಬಂತು. ಜಮಖಾನೆಯ ಮೇಲೆ ಕುಳಿತು, "ತಮ್ಮಾ, ಇಂಗ್ಲಿಷ್ ಕಲಿಯಾಕ ಹತ್ತೀಯಂತ. ಒಂದ್ ಮಾತ ಆಡು, ಕೇಳೂಣು" ಅಂದರು.

ನಿಜಗುಣಪ್ಪ ಎದ್ದು ಕೈಕಟ್ಟಿ ನಿಂತ. ಮಾಸ್ತರರು ಆ ತಿಂಗಳಿಡೀ ಒಂದೇ ಪಾಠ ಅರೆದಿದ್ದರು. ಆಗದ್ದನ್ನು ಆದಂತೆ ಊಹಿಸಿ ಹೇಳುವಾಗ ಇಂಗ್ಲಿಷಿನವರು ಕ್ರಿಯಾಪದವನ್ನು ನಿನ್ನೆಗೆ, ಅಂದರೆ ಭೂತಕಾಲಕ್ಕೆ, ದೂಡುತ್ತಾರೆ. 'ಇಫ್' ಇರುವ ಅರ್ಧ ನಿನ್ನೆಗೆ ಹೋಯಿತೆಂದರೆ ಉಳಿದರ್ಧವೂ 'ವುಡ್' ಕಟ್ಟಿಕೊಂಡು ಅದರ ಜೊತೆಗೇ ನಡೆಯಬೇಕು, ಒಂದೇ ನೊಗದ ಎತ್ತಿನ ಹಾಗೆ. ಬಾಯಿಗೆ ಬಂದದ್ದು ಅದೇ.

"ಇಫ್ ದಿಸ್ ಹೌಸ್ ಫೆಲ್, ವಿ ವುಡ್ ಲಿವ್ ಇನ್ ದ ಫೀಲ್ಡ್."

"ಭೇಷ್! ಹಂಗಂದ್ರೇನು?"

"ಈ ಮನಿ ಬಿದ್ದಿದ್ರ ನಾವು ಹೊಲದಾಗ ಇರತಿದ್ವಿ ಅಂತ್ರಿ."

ಜಂತಿಯ ಸಂದಿಯಿಂದ ಹಲ್ಲಿ ಲೊಚ್ ಲೊಚ್ ಎಂದಿತು.

ಮಾತಿನ ಬೆನ್ನಿಗೆ ಹಲ್ಲಿ ನುಡಿದರೆ ಆ ಮಾತು ಖರೆ ಆದಂತೆಯೇ. ನಿಜಗುಣಪ್ಪನ ತಾಯಿ ರಾಮವ್ವ ಶಿವ ಶಿವ ಎಂದು ನೆಲ ಬಡಿದಳು. ಬಸಲಿಂಗಪ್ಪನವರು ತಲೆಯ ಮೇಲಿನ ಮಾಳಿಗೆಯನ್ನೊಮ್ಮೆ ನೋಡಿ, ಜಮಖಾನೆ ಸಮೇತ ಬಾಗಿಲ ಕಡೆ ಸರಿದರು.

"ಅದು ಆಗೂದಿಲ್ರಿ," ನಿಜಗುಣಪ್ಪ ಬೆವೆತ. "ಆಗೂದಿಲ್ಲಂತನ ನಿನ್ನಿಗೆ ದೂಡಿರತಾರ್ರಿ."

"ನೀ ದೂಡಿದಿ, ಹಲ್ಲಿ ಎಳಕೊಂಡ ಬಂತಲ್ಲೋ! ಹೊಲದಾಗ ಬಿದ್ದುಕೊಂಡಿದ್ದು ಸಾಕಾಗಿಲ್ಲೇನು?" ಬಸಲಿಂಗಪ್ಪನವರು ಎದ್ದು ತಲೆಗೆ ಪಟಕಾ ಸುತ್ತಿಕೊಂಡರು. "ಈ ಮನಿ ಗಟ್ಟಿ ಇದ್ದಿದ್ರ ಮಗಳನ್ನ ಕೊಡತಿದ್ನಿ, ರಾಮವ್ವಾ."

ಲೊಚ್ ಲೊಚ್.

"ಕೇಳಿದ್ರಿಲ್ಲ ಬೀಗರ?" ರಾಮವ್ವನ ಮುಖ ಅರಳಿತು. "ಕೊಡತಾರ ಅಂತು."

"ನಾ ಎಲ್ಲಿ ಕೊಡತೇನಿ ಅಂದ್ನಿ? ಕೊಡತಿದ್ನಿ ಅಂದ್ನಿ. ಅಂದ್ರ ಕೊಡೂದಿಲ್ಲಂತ!"

"ನನ್ನ ಮಗಾನೂ ಬಿದ್ದಿದ್ರ ಅಂದಾನ್ರಿ. ಅಂದ್ರ ಬೀಳೂದಿಲ್ಲಂತ. ಅವನ ಮಾತಿಗೆ ನುಡದಿದ್ದು ಖರೆ, ನಿಮ್ಮ ಮಾತಿಗೆ ನುಡದಿದ್ದು ಸುಳ್ಳೇನ್ರಿ? ಹಲ್ಲಿ ಖರೆ ಆದ್ರ ಮಗಳನ್ನ ಕೊಡ್ರಿ. ಸುಳ್ಳಾದ್ರ ಮನಿ ಗಟ್ಟಿ ಐತಿ, ಆಗೂ ಕೊಡ್ರಿ."

ಬಸಲಿಂಗಪ್ಪನವರು ಹೊಸ್ತಿಲಲ್ಲಿ ನಿಂತರು, ಒಂದು ಕಾಲು ಒಳಗೆ, ಒಂದು ಹೊರಗೆ. ನಿಜಗುಣಪ್ಪ ಉಸಿರು ಬಿಗಿಹಿಡಿದು ಜಂತಿಯನ್ನೇ ನೋಡಿದ. ಇನ್ನೊಂದು ಸಲ ನುಡಿದರೆ ಇದೂ ಕೆಟ್ಟೀತೆಂಬ ಭಯ. ಹಲ್ಲಿ ಸುಮ್ಮನಿತ್ತು.

"ಮಾತು ಗಟ್ಟಿ ಮಾಡೂಣು, ಸಕ್ಕರಿ ತಗೊಂಡ ಬರ್ರಿ," ಅಂದರು ಕೊನೆಗೆ ಬಸಲಿಂಗಪ್ಪನವರು.

ರಾಮವ್ವ ಓಡಿಹೋಗಿ ತಂದಳು. ಬಸಲಿಂಗಪ್ಪನವರು ಒಳಗಿದ್ದ ಕಾಲನ್ನೂ ಹೊರಗಿಟ್ಟು, ಅಂಗಳದಿಂದಲೇ ಅಂಗೈ ಚಾಚಿದರು.

"ಲಗ್ನ ಮಾತ್ರ ಈ ಮಾಳಿಗಿ ಕೆಳಗ ಬ್ಯಾಡ. ಹೊಲದಾಗ ಹಂದರ ಹಾಕ್ರಿ."